ಕ್ಯಾಪ್ಚರ್ ಕಾರ್ಡ್ ಹಾಕಿದ್ರೆ ಎಫ್‌ಪಿಎಸ್ ಏರತ್ತಾ?

ಪ್ರಶ್ನೆ: ಪಿಸಿಯಲ್ಲಿ ಗೇಮ್ ಆಡ್ತಾ ಒಬಿಎಸ್ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ರೆಕಾರ್ಡ್ ಹಾಕಿದ್ರೆ ಎಫ್‌ಪಿಎಸ್ (ಸೆಕೆಂಡಿಗೆ ಬರೋ ಫ್ರೇಮುಗಳ ಲೆಕ್ಕ) ಬಿದ್ದು ಗೇಮ್ ತಡವರಿಸತ್ತೆ, ರೆಕಾರ್ಡ್ ಆದ ವಿಡಿಯೋನೂ ತುಂಡು ತುಂಡಾಗಿ ಬರತ್ತೆ. ಗ್ರಾಫಿಕ್ಸ್ ಕಾರ್ಡ್ ಜಿಟಿಎಕ್ಸ್ 1660 ಸೂಪರ್. ಕ್ಯಾಪ್ಚರ್ ಕಾರ್ಡ್ ತಗೋ, ಲೋಡೆಲ್ಲ ಅದೇ ತಗೊಳ್ಳತ್ತೆ ಅಂತ ಫ್ರೆಂಡ್ ಹೇಳ್ತಾನೆ. ಪಿಎಸ್4 (ಪ್ಲೇಸ್ಟೇಷನ್ 4) ಗೇಮ್ ಕನ್ಸೋಲ್ ಒಂದಿದೆ, ಮುಂದೆ ಅದನ್ನೂ ಸ್ಟ್ರೀಮ್ ಮಾಡೋ ಆಸೆ. ಹಳೇ ಡಿಎಸ್‌ಎಲ್‌ಆರ್ ಕ್ಯಾಮೆರಾನ ವೆಬ್‌ಕ್ಯಾಮ್ ಮಾಡ್ಕೋಬಹುದು ಅಂತಾನೂ ಕೇಳಿದೀನಿ. ತಗೊಳ್ಳಲಾ, ಬೇಡ್ವಾ?

ಉತ್ತರ: ಪಿಸಿ ಗೇಮಿಗೆ ಬೇಡ. ಪಿಎಸ್4ಗೆ ಬೇಕಾಗಬಹುದು, ಆದ್ರೆ ಇವತ್ತೇ ಓಡಿಹೋಗಿ ತರೋ ಅಷ್ಟೇನೂ ಅರ್ಜೆಂಟ್ ಇಲ್ಲ. ಕ್ಯಾಮೆರಾಗೆ ಮೊದ್ಲು ಪುಕ್ಕಟೆ ದಾರಿ ನೋಡಿ. ಇಷ್ಟಕ್ಕೇ ನಿಲ್ಲಿಸಬಹುದಿತ್ತು, ಆದ್ರೆ ನಿಮ್ಮ ಫ್ರೆಂಡ್ ಹೇಳಿದ್ದನ್ನ ನಂಬಿ ದುಡ್ಡು ಹಾಕಿದವರು ಬಹಳ ಜನ ಇದಾರೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳ್ತೀನಿ.

ಕ್ಯಾಪ್ಚರ್ ಕಾರ್ಡ್ ಮಾಡೋ ಕೆಲ್ಸ ಏನಪ್ಪಾ ಅಂದ್ರೆ, ಬೇರೆ ಯಾವುದೋ ಮಷೀನಿಂದ ಎಚ್‌ಡಿಎಂಐ ಕೇಬಲ್ಲಲ್ಲಿ ಬರೋ ಚಿತ್ರಾನೂ ಸೌಂಡನ್ನೂ ನಿಮ್ಮ ಕಂಪ್ಯೂಟರ್ ಒಳಗೆ ತರೋದು. ಕಂಪ್ಯೂಟರಲ್ಲಿ, ಲ್ಯಾಪ್‌ಟಾಪಲ್ಲೂ ಅಷ್ಟೇ, ಸಾಮಾನ್ಯವಾಗಿ ಇರೋ ಎಚ್‌ಡಿಎಂಐ ಪೋರ್ಟು ಚಿತ್ರ ಹೊರಗೆ ಕಳಿಸೋಕೆ ಮಾತ್ರ, ಒಳಗೆ ತಗೊಳ್ಳೋಕಲ್ಲ. ಪಿಎಸ್4 ಕೇಬಲ್ ತಂದು ನೇರ ಲ್ಯಾಪ್‌ಟಾಪಿಗೆ ಚುಚ್ಚಿ, ಯಾಕೆ ಏನೂ ಬರ್ತಿಲ್ಲ ಅಂತ ತಲೆ ಕೆರ್ಕೊಳ್ಳೋರು ಎಷ್ಟೋ ಜನ. ಆ ಕೊರತೆ ತುಂಬೋಕೆ ಹುಟ್ಟಿದ ಸಾಮಾನು ಇದು. ಚಿತ್ರ ಒಳಗೆ ಬಂದ್ಮೇಲೆ ಅದನ್ನ ಎಚ್.264 ಅನ್ನೋ ವಿಡಿಯೋ ಫಾರ್ಮ್ಯಾಟಿಗೆ ಕುಗ್ಗಿಸಿ ಫೈಲ್ ಮಾಡೋದು, ಅಂದ್ರೆ ಎನ್‌ಕೋಡಿಂಗ್, ಅದು ಬೇರೆಯದೇ ಕೆಲ್ಸ, ಈಗ ಸಿಗೋ ಬಹುಪಾಲು ಕಾರ್ಡುಗಳು ಅದನ್ನ ಮಾಡೋದೇ ಇಲ್ಲ, ನಿಮ್ಮ ಸಿಪಿಯು ಇಲ್ಲಾ ಜಿಪಿಯುನೇ (ಗ್ರಾಫಿಕ್ಸ್ ಕಾರ್ಡ್) ಮಾಡಬೇಕು.

ಈಗ ನಿಮ್ಮ ಫ್ರೆಂಡ್ ಹೇಳಿದ ಹಾಗೆ ಮಾಡಿದ್ರೆ ಏನಾಗತ್ತೆ ನೋಡಿ. ಗ್ರಾಫಿಕ್ಸ್ ಕಾರ್ಡಿಂದ ಹೊರಟ ಚಿತ್ರ ಕೇಬಲ್ಲಲ್ಲಿ ಕ್ಯಾಪ್ಚರ್ ಕಾರ್ಡಿಗೆ ಹೋಗಿ, ಅಲ್ಲಿಂದ ಯುಎಸ್‌ಬಿ ಮೂಲಕ ಮತ್ತೆ ಅದೇ ಪಿಸಿಗೆ ಬಂದು, ಒಬಿಎಸ್ ಕೈಗೆ ಸಿಕ್ಕಿ, ಕೊನೆಗೆ ಅದೇ ಪಿಸಿನೇ ಅದನ್ನ ಎನ್‌ಕೋಡ್ ಮಾಡಬೇಕು. ಲೋಡ್ ಒಂದು ಚೂರೂ ಇಳಿಯಲ್ಲ, ಮೇಲಿಂದ ಸೆಕೆಂಡಿಗೆ ನೂರಾರು ಎಂಬಿ ಕಚ್ಚಾ ವಿಡಿಯೋ ಓದೋ ಕೆಲ್ಸ ಬೇರೆ ಸೇರ್ಕೊಳ್ಳತ್ತೆ. ಒಬಿಎಸ್‌ನ ಗೇಮ್ ಕ್ಯಾಪ್ಚರ್ ಅನ್ನೋ ಸೋರ್ಸ್ ಫ್ರೇಮನ್ನ ಜಿಪಿಯು ಮೆಮೊರಿ ಒಳಗೇ ನೇರ ಎತ್ಕೊಳ್ಳತ್ತೆ, ಅದಕ್ಕಿಂತ ಹತ್ತಿರದ ದಾರಿ ಇಲ್ಲ.

ಹಾಗಾದ್ರೆ ಈ ನಂಬಿಕೆ ಬಂದಿದ್ದೆಲ್ಲಿಂದ? ಪೂರ್ತಿ ಸುಳ್ಳಿಂದ ಬಂದಿದ್ದಲ್ಲ. ಒಂದು ಕಾಲದಲ್ಲಿ ಪಿಸಿ ಗೇಮ್ ರೆಕಾರ್ಡ್ ಮಾಡೋದು ಅಂದ್ರೆ ಫ್ರ್ಯಾಪ್ಸ್ ಅನ್ನೋ ಸಾಫ್ಟ್‌ವೇರ್, ಅದು ದೈತ್ಯ ಗಾತ್ರದ ಎವಿಐ ಫೈಲ್ ಬರೀತಾ ಹಾರ್ಡ್ ಡಿಸ್ಕನ್ನ ಉಸಿರಾಡೋಕೆ ಬಿಡ್ತಿರಲಿಲ್ಲ, ಇಲ್ಲಾಂದ್ರೆ ಸಿಪಿಯುನಲ್ಲೇ ಎನ್‌ಕೋಡ್ ಮಾಡಬೇಕಿತ್ತು, ನಾಲ್ಕು ಕೋರ್ ಸಿಪಿಯುನಲ್ಲಿ ಗೇಮೂ ಎನ್‌ಕೋಡಿಂಗೂ ಕಿತ್ತಾಡ್ತಿದ್ವು. ಆಗ ದೊಡ್ಡ ಸ್ಟ್ರೀಮರ್‌ಗಳು ಎರಡು ಪಿಸಿ ಇಟ್ಕೊಂಡು, ಒಂದ್ರಲ್ಲಿ ಆಡಿ, ಇನ್ನೊಂದ್ರಲ್ಲಿ ಕ್ಯಾಪ್ಚರ್ ಕಾರ್ಡ್ ಹಾಕಿ ಎನ್‌ಕೋಡ್ ಮಾಡ್ತಿದ್ರು. ಲೋಡ್ ತಗೊಳ್ತಿದ್ದಿದ್ದು ಆ ಎರಡನೇ ಪಿಸಿ, ಆದ್ರೆ ನೋಡೋರ ಕಣ್ಣಿಗೆ ಬಿದ್ದಿದ್ದು ಮಾತ್ರ ಕಾರ್ಡು! ಅದ್ರ ಜೊತೆಗೆ ಒಳಗೇ ಎಚ್.264 ಎನ್‌ಕೋಡರ್ ಚಿಪ್ ಇಟ್ಟಿದ್ದ ಯುಎಸ್‌ಬಿ 2.0 ಡಬ್ಬಿಗಳೂ ಆಗ ಇದ್ವು, ಪಿಸಿನೇ ಇಲ್ದೆ ಎಸ್‌ಡಿ ಕಾರ್ಡಿಗೆ ರೆಕಾರ್ಡ್ ಮಾಡೋವು ಈಗ್ಲೂ ಇವೆ. ಅವುಗಳ ಮಟ್ಟಿಗೆ ಫ್ರೆಂಡ್ ಮಾತು ನಿಜವೇ. ಆದ್ರೆ ನಿಮ್ಮ ಗ್ರಾಫಿಕ್ಸ್ ಕಾರ್ಡಲ್ಲೇ ಅಂಥ ಚಿಪ್ ಒಂದಿದೆಯಲ್ಲ, ಅದನ್ನ ಬಿಟ್ಟು ಇನ್ನೊಂದನ್ನ ಯಾಕೆ ತರ್ತೀರ?

ಹೌದು, ಇದೆ. ಇಂಟೆಲ್ 2011ರಲ್ಲಿ ಕ್ವಿಕ್ ಸಿಂಕ್ ತಂತು, ಎನ್ವಿಡಿಯಾ 2012ರಲ್ಲಿ ಎನ್‌ವೆಂಕ್ ತಂತು, ಎಎಂಡಿಗೂ ಅದರದ್ದೇ ಎನ್‌ಕೋಡರ್ ಇದೆ. ಗೇಮಿನ ಚಿತ್ರ ಬಿಡಿಸೋ ಕೋರ್‌ಗಳಿಗೆ ಸಂಬಂಧವೇ ಇಲ್ಲದ, ಎನ್‌ಕೋಡಿಂಗಿಗೇ ಅಂತ ಮೀಸಲಿಟ್ಟ ಸರ್ಕ್ಯೂಟ್ ಅದು. ಮೊದಮೊದ್ಲು ಕ್ವಾಲಿಟಿ ಸುಮಾರಾಗಿತ್ತು, 2018ರ ಟ್ಯೂರಿಂಗ್ ತಲೆಮಾರಿಂದ ಎನ್‌ವೆಂಕ್ ಎಷ್ಟು ಸುಧಾರಿಸ್ತು ಅಂದ್ರೆ ಸ್ಟ್ರೀಮಿಂಗ್ ಬಿಟ್‌ರೇಟಲ್ಲಿ ಸಿಪಿಯು ಎನ್‌ಕೋಡರ್ ಎಕ್ಸ್264ರ ಮೀಡಿಯಂ ಪ್ರೀಸೆಟ್ ಪಕ್ಕ ಇಟ್ಟು ನೋಡೋ ಮಟ್ಟಕ್ಕೆ ಬಂತು. ನಿಮ್ಮ 1660 ಸೂಪರ್‌ನಲ್ಲಿ ಇರೋದು ಅದೇ ಟ್ಯೂರಿಂಗ್ ಎನ್‌ವೆಂಕ್.

ಹಾಗಾದ್ರೂ ತಡವರಿಸ್ತಿದೆ ಅಂದ್ರೆ ಕಾರಣ ಹುಡುಕಬೇಕು, ಇಲ್ಲಿ ಊಹೆ ಮಾಡೋದೇ ಬೇಡ, ಒಬಿಎಸ್ ತಾನೇ ಹೇಳತ್ತೆ. ಮೆನುವಿನಲ್ಲಿ ಸ್ಟ್ಯಾಟ್ಸ್ ಅನ್ನೋ ಕಿಟಕಿ ತೆಗೀರಿ, ರೆಕಾರ್ಡಿಂಗ್ ಹಾಕಿ, ಹತ್ತು ನಿಮಿಷ ಆಡಿ, ಆಮೇಲೆ ನೋಡಿ. ಅಲ್ಲಿ ಮೂರು ಲೆಕ್ಕ ಬೇರೆ ಬೇರೆ ಇರತ್ತೆ. ಎನ್‌ಕೋಡಿಂಗ್ ಲ್ಯಾಗಿಂದ ಬಿಟ್ಟುಹೋದ ಫ್ರೇಮು ಜಾಸ್ತಿ ಇದ್ರೆ ನೀವು ಬಹುಶಃ ಇನ್ನೂ ಎಕ್ಸ್264ರಲ್ಲೇ ಇದೀರ, ಸೆಟ್ಟಿಂಗ್ಸ್‌ಗೆ ಹೋಗಿ ಔಟ್‌ಪುಟ್‌ನಲ್ಲಿ ಎನ್‌ವೆಂಕ್ ಆರಿಸಿ, ಕಥೆ ಅಲ್ಲಿಗೇ ಮುಗೀಬಹುದು. ರೆಂಡರಿಂಗ್ ಲ್ಯಾಗ್ ಅಂತ ಸಂಖ್ಯೆ ಏರ್ತಿದ್ರೆ ಅದು ಬೇರೆ ರೋಗ: ಗೇಮು ಜಿಪಿಯುನ ನೂರಕ್ಕೆ ನೂರು ತಿಂತಿದೆ, ಒಬಿಎಸ್‌ಗೆ ತನ್ನ ಸೀನ್ ಜೋಡಿಸೋಕೆ ಜಾಗ ಸಿಗ್ತಿಲ್ಲ. ಗೇಮಲ್ಲಿ ಫ್ರೇಮ್ ಲಿಮಿಟ್ ಹಾಕಿ, 110ಕ್ಕೂ 140ಕ್ಕೂ ನಡುವೆ ಕುಣೀತಿದ್ರೆ 90ಕ್ಕೆ ಕಟ್ಟಿಹಾಕಿ, ಇಲ್ಲಾ ಒಂದೆರಡು ಗ್ರಾಫಿಕ್ಸ್ ಸೆಟ್ಟಿಂಗ್ ಇಳಿಸಿ. ವಿಂಡೋಸ್‌ನಲ್ಲಿ ಒಬಿಎಸ್‌ನ ಅಡ್ಮಿನಿಸ್ಟ್ರೇಟರ್ ಆಗಿ ರನ್ ಮಾಡಿದ್ರೆ ಜಿಪಿಯುನಲ್ಲಿ ಅದಕ್ಕೆ ಸ್ವಲ್ಪ ಆದ್ಯತೆ ಸಿಗತ್ತೆ, ಇದೊಂದು ಸಣ್ಣ ಕೆಲ್ಸ, ಆದ್ರೆ ತುಂಬಾ ಕಡೆ ಇದರಿಂದಲೇ ಸರಿಹೋಗತ್ತೆ. ಮೂರನೇದು ಡ್ರಾಪ್ಡ್ ಫ್ರೇಮ್ಸ್, ಅದು ಲೈವ್ ಹೋಗುವಾಗ ಇಂಟರ್‌ನೆಟ್ ಅಪ್‌ಲೋಡ್ ಸಾಲದೆ ಬರೋದು, ಅದಕ್ಕೆ ಲೋಕದ ಯಾವ ಕ್ಯಾಪ್ಚರ್ ಕಾರ್ಡೂ ಮದ್ದಲ್ಲ.

ಡಿಸ್ಕ್ ನಿಧಾನ ಇರಬಹುದಾ ಅಂತ ಕೆಲವರು ಕೇಳ್ತಾರೆ. 50 ಎಂಬಿಪಿಎಸ್ (ಸೆಕೆಂಡಿಗೆ 50 ಮೆಗಾಬಿಟ್, ಎಂಟು ಬಿಟ್ ಸೇರಿ ಒಂದು ಬೈಟ್) ಬಿಟ್‌ರೇಟ್ ಅಂದ್ರೆ ಸೆಕೆಂಡಿಗೆ ಆರು ಎಂಬಿ ಚಿಲ್ಲರೆ, ಗಂಟೆಗೆ ಸುಮಾರು 22 ಜಿಬಿ. ಜಾಗ ತಿನ್ನತ್ತೆ ನಿಜ, ಆದ್ರೆ ವೇಗ ಹಳೇ ಹಾರ್ಡ್ ಡಿಸ್ಕಿಗೂ ಸಾಕು, ಅದೇ ಡಿಸ್ಕಿಂದ ಗೇಮೂ ಲೋಡ್ ಆಗ್ತಿಲ್ಲ ಅಂದ್ರೆ.

ಇನ್ನು ಪಿಎಸ್4. ಇಲ್ಲಿ ಚಿತ್ರ ಹುಟ್ಟೋದು ಬೇರೆ ಮಷೀನಲ್ಲಿ, ಹಾಗಾಗಿ ಕಾರ್ಡಿಗೆ ನಿಜವಾದ ಕೆಲ್ಸ ಇದೆ. ಆದ್ರೂ ತಡೀರಿ. ಕಂಟ್ರೋಲರಲ್ಲಿ ಶೇರ್ ಬಟನ್ ಇದೆ, ಪಿಎಸ್4 ತಾನೇ ರೆಕಾರ್ಡ್ ಮಾಡ್ಕೊಳ್ಳತ್ತೆ, ತಾನೇ ನೇರ ಟ್ವಿಚ್‌ಗೋ ಯೂಟ್ಯೂಬ್‌ಗೋ ಲೈವ್ ಹೋಗತ್ತೆ, ಒಂದು ಪೈಸೆ ಖರ್ಚಿಲ್ಲ. ಮಿತಿ ಏನಂದ್ರೆ ಸಾದಾ ಪಿಎಸ್4ರಲ್ಲಿ ರೆಕಾರ್ಡಿಂಗ್ 720ಪಿ, ಸೆಕೆಂಡಿಗೆ 30 ಫ್ರೇಮು, ಒಂದು ಕ್ಲಿಪ್ಪು ಜಾಸ್ತಿ ಅಂದ್ರೆ 60 ನಿಮಿಷ. ಓವರ್‌ಲೇ (ಗೇಮಿನ ಮೇಲೆ ತೋರ್ಸೋ ಚಿತ್ರ, ಬರಹ), ಅಲರ್ಟು, ಒಳ್ಳೇ ಮೈಕಿನ ಬೇರೆ ಆಡಿಯೋ ಟ್ರ್ಯಾಕು, ಸೀನ್ ಬದಲಾಯಿಸೋದು ಇವೆಲ್ಲ ಅದರಲ್ಲಿ ಆಗಲ್ಲ. ನಡುವಿನ ದಾರಿ ಇನ್ನೊಂದಿದೆ, ಪಿಸಿಯಲ್ಲಿ ರಿಮೋಟ್ ಪ್ಲೇ ಆಪ್ ಹಾಕಿ ಆ ಕಿಟಕಿನೇ ಒಬಿಎಸ್‌ಗೆ ಕೊಡೋದು. ಚಿತ್ರ ಮೊದಲೇ ಒಮ್ಮೆ ಕುಗ್ಗಿಬಂದಿರೋದ್ರಿಂದ ಮಂಕಾಗಿರತ್ತೆ, ವೈಫೈ ಕೈಕೊಟ್ರೆ ಚೌಕ ಚೌಕ ಕಾಣತ್ತೆ, ಆದ್ರೆ ನಿಮಗೆ ಈ ಸ್ಟ್ರೀಮಿಂಗ್ ಹುಚ್ಚು ಒಂದು ತಿಂಗ್ಳಾದ್ಮೇಲೂ ಇರತ್ತಾ ಅಂತ ಗೊತ್ತಾಗೋಕೆ ಧಾರಾಳ ಸಾಕು. ನನ್ನ ಕೇಳಿದ್ರೆ ಮೊದಲ ಹತ್ತು ಸ್ಟ್ರೀಮು ಹೀಗೇ ಹೋಗ್ಲಿ. ಆಮೇಲೂ 60 ಫ್ರೇಮು ಬೇಕು, ಓವರ್‌ಲೇ ಬೇಕು ಅಂತ ಕೈ ಕಡೀತಿದ್ರೆ ತಗೊಳ್ಳಿ, ಆವಾಗ ಅದು ಮೂಲೆ ಸೇರಲ್ಲ.

ತಗೊಳ್ಳೋದು ಅಂತಾದ್ರೆ ಯಾವುದು ಅನ್ನೋ ಪ್ರಶ್ನೆ ಬರತ್ತೆ, ಜನ ಮೋಸ ಹೋಗೋದು ಇಲ್ಲೇ. ಲೆಕ್ಕ ಒಂದ್ಸಲ ಮಾಡ್ಬಿಡಿ. 1920 ಗುಣಿಸು 1080 ಪಿಕ್ಸೆಲ್, ಒಂದೊಂದಕ್ಕೆ ಎರಡು ಬೈಟ್, ಸೆಕೆಂಡಿಗೆ 60 ಫ್ರೇಮು, ಒಟ್ಟು ಸೆಕೆಂಡಿಗೆ ಸುಮಾರು 249 ಎಂಬಿ. ಇದು ಕುಗ್ಗಿಸದೆ ಬರೋ ವೈಯುವೈ2 ಫಾರ್ಮ್ಯಾಟಿನ ಲೆಕ್ಕ. ಯುಎಸ್‌ಬಿ 2.0 ಕಾಗದದ ಮೇಲೆ 480 ಎಂಬಿಪಿಎಸ್, ಅಂದ್ರೆ 60 ಎಂಬಿ, ಬಳಕೇಲಿ 40 ಸಿಕ್ರೆ ದೊಡ್ಡದು. ಹಾಗಾಗಿ ಹೆಬ್ಬೆರಳುದ್ದದ ಅಗ್ಗದ ಸ್ಟಿಕ್ ಚಿತ್ರಾನ ಅಲ್ಲೇ ಎಂಜೆಪೆಗ್ ಆಗಿ ಹಿಂಡಿ ಕಳಿಸತ್ತೆ, ಸಾಮಾನ್ಯವಾಗಿ 1080ಪಿಯಲ್ಲಿ 30 ಫ್ರೇಮು. ಡಬ್ಬದ ಮೇಲೆ 4ಕೆ ಅಂತ ದೊಡ್ಡಕ್ಷರದಲ್ಲಿ ಹಾಕಿರ್ತಾರೆ, ಅದು ಒಳಗೆ ತಗೊಳ್ಳೋ ಸಿಗ್ನಲ್ಲಿನ ಮಾತು, ಕಂಪ್ಯೂಟರಿಗೆ ಕೊಡೋದು ಮಾತ್ರ 1080ಪಿನೇ. ಇನ್ನು ಕೆಲವು ಸ್ಟಿಕ್ಕುಗಳ ತುದಿಗೆ ನೀಲಿ ಪ್ಲಾಸ್ಟಿಕ್ ಹಾಕಿ ಯುಎಸ್‌ಬಿ 3.0 ಅಂತಾರೆ, ಒಳಗಿನ ಚಿಪ್ ನೋಡಿದ್ರೆ 2.0. ಮ್ಯಾಕ್ರೋಸಿಲಿಕಾನ್ ಕಂಪನಿಯ ಎಂಎಸ್2109 ಅನ್ನೋ ಚಿಪ್ಪೇ ಇವುಗಳಲ್ಲಿ ಬಹಳಷ್ಟರ ಒಳಗಿರೋದು, ಅದ್ರ ಸೌಂಡ್ ಕೆಲವೊಮ್ಮೆ ಸ್ಟೀರಿಯೋ ಬದಲು 96 ಕಿಲೋಹರ್ಟ್ಸ್ ಮೋನೋ ಅಂತ ತೋರ್ಸತ್ತೆ.

ಅಂದಮಾತ್ರಕ್ಕೆ ಅಗ್ಗದ ಸ್ಟಿಕ್ ಕಸ ಅಂತ ನಾನು ಹೇಳಲ್ಲ. ಸರ್ವರ್‌ನ ಸ್ಕ್ರೀನ್ ನೋಡೋಕೆ, ಕ್ಲಾಸಿಗೆ ಸ್ಲೈಡ್ ತೋರ್ಸೋಕೆ, ಮಾನಿಟರ್ ಇಲ್ಲದ ಕಡೆ ಪುಟಾಣಿ ಕಂಪ್ಯೂಟರ್ ಸೆಟಪ್ ಮಾಡೋಕೆ ಅದು ಚಿನ್ನ. ನಿಧಾನದ ಗೇಮಿಗೂ ನಡೆಯತ್ತೆ. ವೇಗವಾಗಿ ಓಡೋ ಗೇಮಲ್ಲಿ, ಕಪ್ಪು ಹಿನ್ನೆಲೆ ಮೇಲೆ ಕೆಂಪು ಅಕ್ಷರ ಇರೋ ಕಡೆ ಮಾತ್ರ ಬಣ್ಣ ಸೋರಿದ ಹಾಗೆ ಕಂಡು ಕಣ್ಣಿಗೆ ಕಿರಿಕಿರಿ ಆಗತ್ತೆ.

ನಿಮ್ಮ ಸಾದಾ ಪಿಎಸ್4 ಹೇಗೂ 1080ಪಿ 60ಕ್ಕಿಂತ ಜಾಸ್ತಿ ಕೊಡಲ್ಲ. ಹಾಗಾಗಿ 1080ಪಿ 60 ಫ್ರೇಮನ್ನ ಕುಗ್ಗಿಸದೆ ಕೊಡೋ, ನಿಜವಾದ ಯುಎಸ್‌ಬಿ 3.0 ಕಾರ್ಡ್ ಸಾಕು, ಅದಕ್ಕಿಂತ ಮೇಲೆ ಹಾಕೋ ದುಡ್ಡು ಪ್ರೇಕ್ಷಕರ ಕಣ್ಣಿಗೆ ಕಾಣಲ್ಲ. ಟ್ವಿಚ್‌ನಲ್ಲಿ ಸಾಮಾನ್ಯವಾಗಿ ಹೋಗೋದೇ 6000 ಕೆಬಿಪಿಎಸ್, ಅದ್ರಲ್ಲಿ 4ಕೆ ತುರುಕೋ ಮಾತೇ ಇಲ್ಲ. 4ಕೆ 60 ಫ್ರೇಮ್ ರೆಕಾರ್ಡ್ ಮಾಡಬೇಕಾದವರ ಕಥೆ ಬೇರೆ, ಬಣ್ಣದ ಮಾಹಿತಿ ಕಮ್ಮಿ ಮಾಡಿದ ಎನ್‌ವಿ12 ಫಾರ್ಮ್ಯಾಟಲ್ಲೂ ಅದು ಸೆಕೆಂಡಿಗೆ 746 ಎಂಬಿ ಆಗತ್ತೆ, 5 ಜಿಬಿಪಿಎಸ್ ಯುಎಸ್‌ಬಿಗೆ ಹಿಡಿಸಲ್ಲ, 10 ಜಿಬಿಪಿಎಸ್ ಪೋರ್ಟು ಇಲ್ಲಾ ಮದರ್‌ಬೋರ್ಡಿನ ಪಿಸಿಐಇ ಸ್ಲಾಟೇ ಬೇಕು. ಪಿಸಿಐಇ ಕಾರ್ಡ್ ತರೋರು ಮದರ್‌ಬೋರ್ಡ್ ಮ್ಯಾನ್ಯುಯಲ್ ತೆಗೆದು ನೋಡಿ, ಕೆಲವು ಬೋರ್ಡಲ್ಲಿ ಆ ಸ್ಲಾಟು ಎಂ.2 ಎಸ್‌ಎಸ್‌ಡಿ ಜೊತೆ ಲೇನ್ (ಡೇಟಾ ಓಡಾಡೋ ದಾರಿ) ಹಂಚ್ಕೊಂಡಿರತ್ತೆ, ಕಾರ್ಡ್ ಹಾಕಿದ ದಿನ ಎಸ್‌ಎಸ್‌ಡಿ ಮಾಯ!

ಪಾಸ್‌ಥ್ರೂ ಇರೋದನ್ನೇ ತಗೊಳ್ಳಿ, ಇದ್ರಲ್ಲಿ ರಾಜಿ ಬೇಡ. ಅಂದ್ರೆ ಕಾರ್ಡಿಗೆ ಎರಡು ಎಚ್‌ಡಿಎಂಐ ಇರಬೇಕು, ಒಂದರಿಂದ ಒಳಗೆ, ಇನ್ನೊಂದರಿಂದ ಟಿವಿಗೆ. ನೀವು ಆಡೋದು ಟಿವಿ ನೋಡ್ಕೊಂಡು, ಒಬಿಎಸ್ ಕಿಟಕಿ ನೋಡ್ಕೊಂಡಲ್ಲ, ಯಾಕಂದ್ರೆ ಯುಎಸ್‌ಬಿ ದಾಟಿ ಒಬಿಎಸ್‌ಗೆ ಬರೋ ಹೊತ್ತಿಗೆ ಚಿತ್ರ ಹಲವು ಫ್ರೇಮು ಹಿಂದೆ ಬಿದ್ದಿರತ್ತೆ, 60ರಲ್ಲಿ ಒಂದು ಫ್ರೇಮು ಅಂದ್ರೇನೇ ಸುಮಾರು 17 ಮಿಲಿಸೆಕೆಂಡು. ಫೈಟಿಂಗ್ ಗೇಮ್ ಆಡೋರಿಗೆ ಇದು ಸೋಲು ಗೆಲುವಿನ ಪ್ರಶ್ನೆ. ಇದೇ ಕಾರಣಕ್ಕೆ ನಿಮ್ಮ ಮೈಕ್ ಧ್ವನಿ ಚಿತ್ರಕ್ಕಿಂತ ಮುಂದೆ ಓಡತ್ತೆ, ಒಬಿಎಸ್‌ನ ಅಡ್ವಾನ್ಸ್ಡ್ ಆಡಿಯೋ ಪ್ರಾಪರ್ಟೀಸ್‌ನಲ್ಲಿ ಮೈಕಿಗೆ ಸಿಂಕ್ ಆಫ್‌ಸೆಟ್ ಕೊಟ್ಟು ಹಿಂದಕ್ಕೆ ಎಳೀಬೇಕು. ಪಾರ್ಟಿ ಚಾಟಲ್ಲಿ ಗೆಳೆಯರ ಧ್ವನಿ ಸಾಮಾನ್ಯವಾಗಿ ಹೆಡ್‌ಸೆಟ್‌ಗೆ ಮಾತ್ರ ಹೋಗತ್ತೆ, ಎಚ್‌ಡಿಎಂಐನಲ್ಲಿ ಬರಲ್ಲ, ಅದೂ ಬೇಕಂದ್ರೆ ಬೇರೆ ಆಡಿಯೋ ಕೇಬಲ್ ಹಾಕಬೇಕು.

ಮರೀಬಾರದ ಇನ್ನೊಂದು, ಎಚ್‌ಡಿಸಿಪಿ. ಕಾಪಿ ತಡೆಯೋಕೆ ಎಚ್‌ಡಿಎಂಐನಲ್ಲಿ ಇಟ್ಟಿರೋ ಬೀಗ ಅದು. ಪಿಎಸ್4ರಲ್ಲಿ ಸೆಟ್ಟಿಂಗ್ಸ್, ಸಿಸ್ಟಂ ಒಳಗೆ ಎನೇಬಲ್ ಎಚ್‌ಡಿಸಿಪಿ ಅನ್ನೋ ಟಿಕ್ ತೆಗೀದಿದ್ರೆ ಒಬಿಎಸ್‌ನಲ್ಲಿ ಬರೋದು ಬರೀ ಕತ್ತಲೆ, ಎಷ್ಟೋ ಜನ ಕಾರ್ಡೇ ಕೆಟ್ಟಿದೆ ಅಂತ ವಾಪಸ್ ಕಳಿಸೋದು ಈ ಒಂದು ಟಿಕ್ ಕಾರಣಕ್ಕೆ. ಟಿಕ್ ತೆಗೆದಾಗ ನೆಟ್‌ಫ್ಲಿಕ್ಸ್ ಥರದ ವಿಡಿಯೋ ಆಪ್‌ಗಳು ಓಡಲ್ಲ, ಸಿನಿಮಾ ನೋಡುವಾಗ ಮತ್ತೆ ಹಾಕ್ಕೋಬೇಕು. ಯಾರಾದ್ರೂ ಪಿಎಸ್3 ಇಟ್ಕೊಂಡಿದ್ರೆ ಅದ್ರಲ್ಲಿ ಈ ಆಯ್ಕೆನೇ ಇಲ್ಲ, ಕಾಂಪೊನೆಂಟ್ ಕೇಬಲ್ (ಎಚ್‌ಡಿಎಂಐಗೂ ಮುಂಚಿನ ಅನಲಾಗ್ ಕೇಬಲ್) ತಗೊಳ್ಳೋ ಕಾರ್ಡ್ ಹುಡುಕಬೇಕು. ನಿಂಟೆಂಡೊ ಸ್ವಿಚ್ ಲೈಟ್‌ನಿಂದ ವಿಡಿಯೋ ಹೊರಗೇ ಬರಲ್ಲ, ಅದನ್ನ ಇಟ್ಕೊಂಡು ಕಾರ್ಡ್ ತರೋಕೆ ಹೊರಟವರು ದಯವಿಟ್ಟು ನಿಲ್ಲಿ.

ಕ್ಯಾಮೆರಾ ವಿಷಯ. 2020ರಲ್ಲಿ ಎಲ್ಲರೂ ವಿಡಿಯೋ ಕಾಲಿಗೆ ಬಿದ್ದಾಗ ಕ್ಯಾನನ್, ನಿಕಾನ್, ಸೋನಿ ಎಲ್ಲಾ ಕಂಪನಿಗಳೂ ತಮ್ಮ ಕ್ಯಾಮೆರಾನ ಯುಎಸ್‌ಬಿ ಕೇಬಲ್ಲಿಂದಲೇ ವೆಬ್‌ಕ್ಯಾಮ್ ಮಾಡೋ ಸಾಫ್ಟ್‌ವೇರ್ ಬಿಟ್ರು. ನಿಮ್ಮ ಮಾಡೆಲ್ ಆ ಪಟ್ಟೀಲಿದ್ಯಾ ಮೊದ್ಲು ನೋಡಿ. ರೆಸಲ್ಯೂಶನ್ ಕಮ್ಮಿ ಸಿಗತ್ತೆ, ಆದ್ರೆ ಸ್ಟ್ರೀಮಿನ ಮೂಲೇಲಿ ಅಂಗೈಯಷ್ಟು ಮುಖ ತೋರ್ಸೋಕೆ ಇನ್ನೆಷ್ಟು ಬೇಕು? ಅದಾಗಲ್ಲ ಅಂದ್ರೆ ಎಚ್‌ಡಿಎಂಐ ದಾರಿ, ಅದಕ್ಕೆ ಕಾರ್ಡ್ ಬೇಕು, ಆದ್ರೆ ಕಾರ್ಡಿಗಿಂತ ಮುಂಚೆ ಕ್ಯಾಮೆರಾನ ಟಿವಿಗೆ ಸಿಕ್ಕಿಸಿ ನೋಡಿ. ಬ್ಯಾಟರಿ ಚಿಹ್ನೆ, ಫೋಕಸ್ ಚೌಕ, ಶಟರ್ ಅಂಕಿ ಎಲ್ಲ ಟಿವಿ ಮೇಲೂ ಬಂದ್ರೆ, ಮೆನುವಿನಲ್ಲೂ ಅದನ್ನ ಅಳಿಸೋಕೆ ದಾರಿ ಇಲ್ದಿದ್ರೆ, ನಿಮ್ಮ ಸ್ಟ್ರೀಮಲ್ಲೂ ಅವೆಲ್ಲ ಬರತ್ತೆ. ಹಳೇ ಡಿಎಸ್‌ಎಲ್‌ಆರ್‌ಗಳಲ್ಲಿ ಕ್ಲೀನ್ ಎಚ್‌ಡಿಎಂಐ, ಅಂದ್ರೆ ಈ ಚಿಹ್ನೆಗಳಿಲ್ಲದ ಬರೀ ಚಿತ್ರ, ಇಲ್ದಿರೋದೇ ಹೆಚ್ಚು. ಅದರ ಮೇಲೆ ಬಿಸಿಯಾಗಿ ಆಫ್ ಆಗೋದು, ಅರ್ಧ ಗಂಟೆಗೆ ಲೈವ್ ವ್ಯೂ ತಾನೇ ಮಲಗೋದು, ಬ್ಯಾಟರಿ ಬದಲು ಕರೆಂಟಿಗೆ ಹಾಕೋ ಡಮ್ಮಿ ಬ್ಯಾಟರಿ, ಮಿನಿ ಎಚ್‌ಡಿಎಂಐ ಕೇಬಲ್ಲು, ಹೀಗೆ ಒಂದಕ್ಕೊಂದು ಸೇರ್ಕೊಂಡು ಖರ್ಚು ಬೆಳೀತಾ ಹೋಗತ್ತೆ. ಒಂದು ಒಳ್ಳೇ ವೆಬ್‌ಕ್ಯಾಮೂ ಒಂದು ಲೈಟೂ ಇದಕ್ಕಿಂತ ಕಮ್ಮಿ ತಲೆನೋವು ಅನ್ನೋದು ನನ್ನ ಅಭಿಪ್ರಾಯ, ಫೋಟೋ ಹುಚ್ಚಿನವರು ಒಪ್ಪಲಿಕ್ಕಿಲ್ಲ.

ನೀವು ಕೇಳ್ಲಿಲ್ಲ, ಆದ್ರೂ ಎರಡು ಪಿಸಿ ಆಸೆ ಮುಂದೆ ಬರಬಹುದು ಅಂತ ಒಂದು ಮಾತು. ಒಂದು ಪಿಸಿಯಲ್ಲಿ ಎನ್‌ವೆಂಕ್ ಇರುವಾಗ ಅದು ಬೇಕಾಗೋದು ಲೈವ್‌ನಲ್ಲೇ ದುಡಿಯೋ ಕೆಲವರಿಗೆ, ಗೇಮ್ ಕ್ರ್ಯಾಶ್ ಆದ್ರೂ ಸ್ಟ್ರೀಮ್ ನಿಲ್ಲಬಾರದು ಅನ್ನೋರಿಗೆ. ಮನೇಲಿ ಇನ್ನೊಂದು ಕಂಪ್ಯೂಟರ್ ಸುಮ್ಮನೆ ಬಿದ್ದಿದ್ರೆ ಗಿಗಾಬಿಟ್ ಲ್ಯಾನ್ ಕೇಬಲ್ ಎಳೆದು ಎನ್‌ಡಿಐನಲ್ಲಿ (ನೆಟ್‌ವರ್ಕ್ ಮೂಲಕ ವಿಡಿಯೋ ಕಳಿಸೋ ತಂತ್ರಜ್ಞಾನ) ಮೊದ್ಲು ಪ್ರಯತ್ನ ಮಾಡಿ, ಕಾರ್ಡ್ ಇಲ್ದೇನೇ ಚಿತ್ರ ಆ ಕಡೆಗೆ ಹೋಗತ್ತೆ, ಗೇಮಿಂಗ್ ಪಿಸಿ ಮೇಲೆ ಸ್ವಲ್ಪ ಭಾರ ಬೀಳತ್ತೆ ಅಷ್ಟೆ.

ಕೊನೆಗೂ ಪಿಎಸ್4ಗೆ ಅಂತ ಕಾರ್ಡ್ ತಂದ್ರಿ ಅನ್ಕೊಳ್ಳಿ, ವಾಪಸ್ ಕೊಡೋ ಅವಧಿ ಮುಗಿಯೋ ಮುಂಚೆ ಇಷ್ಟು ಮಾಡಿ. ಪಿಸಿಯ ಹಿಂದುಗಡೆ ಪೋರ್ಟಿಗೇ ಹಾಕಿ, ಹಬ್‌ಗೆ ಬೇಡ, ಅದೇ ಹಬ್‌ನಲ್ಲಿ ಎಕ್ಸ್‌ಟರ್ನಲ್ ಡಿಸ್ಕ್ ಇದ್ರಂತೂ ಖಂಡಿತ ಬೇಡ. ಒಬಿಎಸ್‌ನಲ್ಲಿ ವಿಡಿಯೋ ಕ್ಯಾಪ್ಚರ್ ಡಿವೈಸ್ ಸೇರಿಸಿ ಅದ್ರ ಪ್ರಾಪರ್ಟೀಸ್ ತೆಗೆದು, ರೆಸಲ್ಯೂಶನ್ನನ್ನ ಡಿಫಾಲ್ಟ್ ಬಿಡದೆ ಕಸ್ಟಮ್ ಮಾಡಿ, 1920 ಗುಣಿಸು 1080, 60 ಎಫ್‌ಪಿಎಸ್ ಆರಿಸಿ, ಆಮೇಲೆ ವಿಡಿಯೋ ಫಾರ್ಮ್ಯಾಟ್ ಪಟ್ಟೀಲಿ ಏನೇನಿದೆ ನೋಡಿ. ವೈಯುವೈ2 ಇಲ್ಲಾ ಎನ್‌ವಿ12 60ಕ್ಕೆ ಸಿಕ್ರೆ ಸರಿ, ಎಂಜೆಪೆಗ್ ಬಿಟ್ಟು ಬೇರೇನೂ ಇಲ್ಲ ಅಂದ್ರೆ ನಿಮ್ಮ ಪೋರ್ಟು ಇಲ್ಲಾ ಕಾರ್ಡು 2.0 ವೇಗದಲ್ಲಿ ಓಡ್ತಿದೆ, ಇನ್ನೊಂದು ಪೋರ್ಟು, ಇನ್ನೊಂದು ಕೇಬಲ್ ಬದಲಾಯಿಸಿ ನೋಡಿ, ಆಗ್ಲೂ ಬರದಿದ್ರೆ ವಾಪಸ್ ಕಳಿಸಿ. ಕಪ್ಪು ಬಣ್ಣ ಬೂದಿ ಥರ ಕಂಡ್ರೆ ಕಾರ್ಡಿನ ತಪ್ಪಲ್ಲ, ಕಲರ್ ರೇಂಜ್‌ನಲ್ಲಿ ಫುಲ್ ಮತ್ತೆ ಲಿಮಿಟೆಡ್ ಅದಲು ಬದಲಾಗಿರತ್ತೆ, ಪಿಎಸ್4 ಕಡೆಯ ಆರ್‌ಜಿಬಿ ರೇಂಜೂ ಒಬಿಎಸ್ ಕಡೆಯದೂ ಒಂದೇ ಮಾಡಿ. ಇಷ್ಟೆಲ್ಲ ಆದ್ಮೇಲೆ ಎರಡು ಗಂಟೆ ಒಂದೇ ಸಮ ರೆಕಾರ್ಡ್ ಮಾಡಿ, ಫೈಲಿನ ಕೊನೇ ಐದು ನಿಮಿಷದಲ್ಲಿ ಸೌಂಡೂ ಚಿತ್ರಾನೂ ಇನ್ನೂ ಜೊತೇಲೇ ಇದಾವಾ ಅಂತ ನೋಡಿ. ಮೊದಲ ಹತ್ತು ನಿಮಿಷ ಚೆನ್ನಾಗೇ ಓಡಿ ಆಮೇಲೆ ಸೌಂಡು ನಿಧಾನಕ್ಕೆ ಜಾರಿಹೋಗೋ ಕಾರ್ಡುಗಳಿವೆ, ಅದು ಗೊತ್ತಾಗಬೇಕಂದ್ರೆ ಅಷ್ಟು ಹೊತ್ತು ಓಡಿಸ್ಲೇಬೇಕು.